ಕಂಪ್ಯೂಟರ್ ಲಾಕ್ ಆದರೆ ಫಾರ್ಮ್ಯಾಟ್ ಮಾಡಲು ಓಡಬೇಡಿ

ಕಳೆದ ಮಳೆಗಾಲದಲ್ಲಿ ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರು ಬೆಳಿಗ್ಗೆ ಬೆಳಿಗ್ಗೆಯೇ ಫೋನ್ ಮಾಡಿದರು. "ತಮಾ, ಲೆಕ್ಕದ ಫೈಲ್ ಒಂದೂ ಓಪನ್ ಆಗ್ತಿಲ್ಲೆ, ಬೇಗ ಬಾ." ನಾನು ಹೋಗುವಷ್ಟರಲ್ಲಿ ಪರಿಚಯದ ಹುಡುಗನೊಬ್ಬ ಪೆನ್ ಡ್ರೈವ್ ಹಾಕಿ ಹೊಸ ವಿಂಡೋಸ್ ಹಾಕಲು ಶುರು ಮಾಡಿಯಾಗಿತ್ತು. ಪಾಪ, ಸಹಾಯ ಮಾಡಲೆಂದೇ ಬಂದವನು. ಆದರೆ ಕಳ್ಳ ಎಲ್ಲಿಂದ ಒಳಗೆ ಬಂದ ಅನ್ನುವ ಗುರುತು, ಲಾಕ್ ಆಗಿದ್ದ ಫೈಲುಗಳು, ಎಲ್ಲವೂ ಅರ್ಧ ಗಂಟೆಯಲ್ಲಿ ಹೋದವು.

ಇದಕ್ಕೆ ರಾನ್ಸಮ್‌ವೇರ್ ಅನ್ನುತ್ತಾರೆ. ಫೈಲ್ ಇರುತ್ತದೆ, ಹೆಸರಿನ ಕೊನೆಗೆ ಅರ್ಥವಿಲ್ಲದ ಅಕ್ಷರಗಳ ಬಾಲ ಸೇರಿರುತ್ತದೆ. ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ: ದುಡ್ಡು ಕೊಟ್ಟರೆ ಬೀಗದ ಕೀ ಕೊಡುತ್ತೇವೆ ಅಂತ.

ಮೊದಲ ಕೆಲಸ, ನೆಟ್ ಕಿತ್ತುಹಾಕಿ. ಲ್ಯಾನ್ ವೈರ್ ಎಳೆಯಿರಿ, ವೈಫೈ ಬಂದ್ ಮಾಡಿ. ಪಕ್ಕದ ಟೇಬಲ್ಲಿನ ಕಂಪ್ಯೂಟರಿನದ್ದೂ ಎಳೆಯಿರಿ, ಏಕೆಂದರೆ ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಬ್ಯಾಕಪ್ ಡಿಸ್ಕ್ ಸಿಕ್ಕಿಸಿದ್ದರೆ ಅದನ್ನೂ ತೆಗೆಯಿರಿ. ಕಂಪ್ಯೂಟರನ್ನು ಮಾತ್ರ ಆಫ್ ಮಾಡಬೇಡಿ, ರೀಸ್ಟಾರ್ಟೂ ಬೇಡ. ಕೆಲವು ಸಲ ಮೆಮೊರಿಯಲ್ಲೇ ಕೀ ಉಳಿದಿರುತ್ತದೆ, ಕರೆಂಟ್ ಹೋದರೆ ಅದೂ ಹೋಗುತ್ತದೆ. ನಮ್ಮ ಕಡೆ ಮಳೆಗಾಲದ ಕರೆಂಟ್ ಗೊತ್ತಲ್ವಾ, ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ನೋಡಿಕೊಳ್ಳಿ, ಜಾಸ್ತಿ ಹೊತ್ತು ಬರದು ಅನ್ನಿಸಿದರೆ ಹೈಬರ್ನೇಟ್ ಮಾಡಿ, ಅಂದರೆ ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಬರೆದಿಟ್ಟು ಮಲಗಿಸಿ. ಕಣ್ಣೆದುರೇ ಒಂದೊಂದೇ ಫೈಲ್ ಬದಲಾಗುತ್ತಿದ್ದರೆ ಮಾತ್ರ ಯೋಚನೆ ಮಾಡದೆ ಪ್ಲಗ್ ಎಳೆಯಿರಿ, ಉಳಿದ ಫೈಲ್ ಮುಖ್ಯ.

ಆಮೇಲೆ ಫೋನಿನಲ್ಲಿ ಫೋಟೋ ತೆಗೆಯಿರಿ. ಚೀಟಿಯ ಪೂರ್ತಿ ಅಕ್ಷರ, ಬಾಲ ಬಂದ ಫೈಲ್ ಹೆಸರು, ಕಂಪ್ಯೂಟರಿನ ಗಡಿಯಾರ. ಅದರ ಟೈಮು ಐದು ನಿಮಿಷ ಹಿಂದೆ ಇದ್ದರೂ ತನಿಖೆಯಲ್ಲಿ ಲೆಕ್ಕ ತಪ್ಪುತ್ತದೆ, ಹಾಗಾಗಿ ಪಕ್ಕದಲ್ಲಿ ಇನ್ನೊಂದು ಫೋನ್ ಹಿಡಿದು ಎರಡೂ ಟೈಮು ಒಂದೇ ಫೋಟೋದಲ್ಲಿ ಬರುವ ಹಾಗೆ ತೆಗೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ಯಾರು, ಎಷ್ಟು ಗಂಟೆಗೆ, ಏನು ಮಾಡಿದರು ಅಂತ ಸಾಲು ಸಾಲಾಗಿ ಬರೆಯಿರಿ. ಎರಡು ದಿನ ಬಿಟ್ಟರೆ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ.

ಈಗ ಗೊತ್ತಿರುವವರನ್ನು ಕರೆಸಿ ಡಿಸ್ಕಿನ ಪೂರ್ತಿ ನಕಲು ತೆಗೆಸಿ, ಅದರ ಹ್ಯಾಶ್ ಬರೆದಿಡಿ. ಹ್ಯಾಶ್ ಅಂದರೆ ಹೆಬ್ಬೆಟ್ಟಿನ ಗುರುತಿನ ಹಾಗೆ, ಒಳಗೆ ಒಂದು ಅಕ್ಷರ ಬದಲಾದರೂ ಅದು ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಕೋರ್ಟಿಗೆ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಇದನ್ನು ಬರೆಯಬೇಕು. ವಿಂಡೋಸಿನ ಇವೆಂಟ್ ಲಾಗ್, ಅಂದರೆ ಕಂಪ್ಯೂಟರಿನಲ್ಲಿ ಏನೇನಾಯಿತು ಅನ್ನುವ ದಿನಚರಿ, ಅದೂ ಬೇಕು. ಜಾಗ ತುಂಬಿದರೆ ಅದು ಹಳೆಯದನ್ನು ಅಳಿಸಿ ಹೊಸದು ಬರೆಯುತ್ತದೆ, ತಡ ಮಾಡಬೇಡಿ. ಅದರಲ್ಲಿ 4625 ನಂಬರ್ ಅಂದರೆ ತಪ್ಪು ಪಾಸ್‌ವರ್ಡ್, 4624 ಅಂದರೆ ಒಳಗೆ ಬಂದಾಯಿತು. ರಾತ್ರಿ ಎರಡು ಗಂಟೆಗೆ ಸಾಲಾಗಿ ನೂರಾರು 4625, ಕೊನೆಗೊಂದು 4624 ಕಂಡರೆ ಕಳ್ಳ ಬಂದ ಬಾಗಿಲು ಬಹುತೇಕ ಅದೇ.

ದೂರು ಕೊಡಲು ಸಂಕೋಚ ಬೇಡ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಸೈಬರ್ ಪ್ರಕರಣ ನೋಡುವ ಸಿಇಎನ್ ಠಾಣೆ ಕಾರವಾರದಲ್ಲಿದೆ. ಶಿರಸಿಯಿಂದ ಘಟ್ಟ ಇಳಿದು ಹೋಗಿಬರಲು ಇಡೀ ದಿನ ಬೇಕು, ಹಾಗಾಗಿ ಮೊದಲು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದಾಖಲಿಸಿ, ಬರುವ ನಂಬರ್ ಇಟ್ಟುಕೊಳ್ಳಿ. ಬ್ಯಾಂಕಿನಿಂದ ದುಡ್ಡೂ ಹೋಗಿದ್ದರೆ ಬೇರೆ ಎಲ್ಲ ಬಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸಂಸ್ಥೆಯಾದರೆ ಇನ್ನೊಂದು ಕೆಲಸವಿದೆ. 2022ರ ಏಪ್ರಿಲ್ 28ರ ನಿರ್ದೇಶನದಂತೆ, ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು.

ದುಡ್ಡು ಕೊಡಬೇಡಿ. ಕೊಟ್ಟರೂ ಕೀ ಬರುತ್ತದೆ ಅನ್ನುವ ಖಾತ್ರಿ ಇಲ್ಲ. 2016ರಲ್ಲಿ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ಡಚ್ ಪೊಲೀಸರು ಮತ್ತಿತರರು ಸೇರಿ ಶುರು ಮಾಡಿದ 'ನೋ ಮೋರ್ ರಾನ್ಸಮ್' ತಾಣಕ್ಕೆ ಒಂದೆರಡು ಲಾಕ್ ಆದ ಫೈಲ್ ಮತ್ತು ಆ ಚೀಟಿ ಹಾಕಿ ನೋಡಿ, ಕೆಲವು ಜಾತಿಯ ರಾನ್ಸಮ್‌ವೇರ್‌ಗೆ ಅಲ್ಲಿ ಬಿಡಿಸುವ ಸಾಧನ ಪುಕ್ಕಟೆ ಸಿಗುತ್ತದೆ. ಇವತ್ತು ಸಿಗದಿದ್ದರೆ ಡಿಸ್ಕಿಗೆ ತಾರೀಖಿನ ಚೀಟಿ ಅಂಟಿಸಿ ಕಪಾಟಿನಲ್ಲಿಡಿ. ಎಷ್ಟೋ ಸಲ ವರ್ಷ ಕಳೆದ ಮೇಲೆ ಕೀ ಹೊರಗೆ ಬಂದಿದೆ.

ಇಷ್ಟಾದ ಮೇಲೆ ಬೇರೆ ಹೊಸ ಡಿಸ್ಕ್ ಹಾಕಿ ವಿಂಡೋಸ್ ಹಾಕಿಸಿ. ಪಾಸ್‌ವರ್ಡುಗಳನ್ನು ಬೇರೆ ಕಂಪ್ಯೂಟರಿನಿಂದ ಬದಲಿಸಿ. ಹುಬ್ಬಳ್ಳಿಯ ಲೆಕ್ಕಪತ್ರದವರು ಅಲ್ಲಿಂದಲೇ ನೋಡಲಿ ಅಂತ ರಿಮೋಟ್ ಡೆಸ್ಕ್‌ಟಾಪ್ ಸುಮ್ನೆ ತೆರೆದಿಟ್ಟಿದ್ದೀರಾ? ಅದು ಬಳಸುವ ಬಾಗಿಲು 3389 ಪೋರ್ಟ್, ರೌಟರಿನಲ್ಲಿ ಅದನ್ನು ಮುಚ್ಚಿಸಿ.

ಆ ವ್ಯಾಪಾರಿಯ ಬ್ಯಾಕಪ್ ಡಿಸ್ಕ್ ಸದಾ ಕಂಪ್ಯೂಟರಿಗೇ ಸಿಕ್ಕಿಸಿ ಇರುತ್ತಿತ್ತು, ಅದೂ ಲಾಕ್ ಆಗಿತ್ತು. ಈಗ ಎರಡು ಡಿಸ್ಕ್ ಇಟ್ಟಿದ್ದಾರೆ, ಒಂದು ಅಂಗಡಿಯಲ್ಲಿದ್ದರೆ ಇನ್ನೊಂದು ಮನೆಯಲ್ಲಿ. ಹಳೆಯ ತೂಕದ ಚೀಟಿಗಳನ್ನು ಮುಂದಿಟ್ಟುಕೊಂಡು ಅವರ ಮಗಳು ಇನ್ನೂ ಲೆಕ್ಕ ತುಂಬುತ್ತಿದ್ದಾಳೆ.