ಮಲೆನಾಡಿನ ಸಣ್ಣ ತೋಟಕ್ಕೆ ಸರ್ಕಾರದ ನೆರವು: ಮೊದಲು ಪಹಣಿ ನೋಡಿ

ನಮ್ಮ ತೀರ್ಥಹಳ್ಳಿ ಕಡೆ ಎರಡು ಮೂರು ಎಕರೆ ಅಡಿಕೆ ಇರುವವರು ಸಿಕ್ಕಾಗೆಲ್ಲ ಕೇಳುತ್ತಾರೆ, "ಅಕ್ಕ, ಈ ಸಲ ಯಾವ ಸಬ್ಸಿಡಿ ಬಂದಿದೆ?" ನಾನು ತಿರುಗಿ ಕೇಳುವುದು ಒಂದೇ, ಪಹಣಿ ಯಾರ ಹೆಸರಲ್ಲಿದೆ?

ಎಷ್ಟೋ ಮನೆಗಳಲ್ಲಿ ಈ ಜಮೀನು ದಾಖಲೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ. ಹಾಗಿದ್ದರೆ ಯೋಜನೆಯ ಮಾತು ಆಮೇಲೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದುಕೊಂಡು ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ, ಅಂದರೆ ತೀರಿಹೋದವರ ಖಾತೆ ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಡಿ. ಅಣ್ಣತಮ್ಮಂದಿರ ಪಾಲು ಆಗಲಿ ಅಂತ ಸುಮ್ನೆ ಕಾಯಬೇಡಿ. ಪಾಲಿಗೆ 11ಇ ನಕ್ಷೆ, ಅಂದರೆ ಜಮೀನು ಭಾಗ ಮಾಡಿ ತೋರಿಸುವ ಅಳತೆ ನಕ್ಷೆ ಬೇಕು, ಅದಕ್ಕೆ ಸರ್ವೆಯವರು ಬರಬೇಕು. ಸದ್ಯಕ್ಕೆ ವಾರಸುದಾರರೆಲ್ಲರ ಹೆಸರಲ್ಲಿ ಜಂಟಿ ಖಾತೆಯೇ ಆಗಲಿ.

ಆಮೇಲೆ ಸರ್ಕಾರದ ರೈತರ ಪಟ್ಟಿಯಾದ ಫ್ರೂಟ್ಸ್‌ನಲ್ಲಿ ನೋಂದಣಿ, ಅಲ್ಲಿ ಸಿಗುವ ರೈತರ ಗುರುತಿನ ಸಂಖ್ಯೆಯೇ ಎಫ್‌ಐಡಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ ತೆಗೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಹೋದರೆ ಮಾಡಿಕೊಡುತ್ತಾರೆ. "ನಂದು ಆಗಿದೆ" ಅನ್ನುವವರೂ ಒಮ್ಮೆ ತೆಗೆಸಿ ನೋಡಿ. ನಮ್ಮಲ್ಲಿ ತೋಟ ಒಂದು ಕಡೆ, ಮಕ್ಕಿಗದ್ದೆ ಇನ್ನೊಂದು ಕಡೆ, ನಡುವೆ ಹಳ್ಳ. ಎಫ್‌ಐಡಿಯಲ್ಲಿ ಒಂದೇ ಸರ್ವೆ ನಂಬರ್ ಸೇರಿರುತ್ತದೆ, ಉಳಿದ ಜಮೀನು ಲೆಕ್ಕಕ್ಕೇ ಬರುವುದಿಲ್ಲ. ಪಹಣಿಯಲ್ಲಿ ಸುಬ್ಬಣ್ಣ, ಆಧಾರ್‌ನಲ್ಲಿ ಸುಬ್ರಹ್ಮಣ್ಯ ಅಂತಿದ್ದರೆ ಅದನ್ನೂ ಆಗಲೇ ಹೇಳಿ.

ಪಿಎಂ ಕಿಸಾನ್ ಹಣ ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಅದು ಎಲ್ಲರಿಗೂ ಗೊತ್ತು. ನಾನು ಜಾಸ್ತಿ ಒತ್ತಿ ಹೇಳುವುದು ಹವಾಮಾನ ಆಧಾರಿತ ಬೆಳೆ ವಿಮೆ. ಅಡಿಕೆಗೆ ಈಚಿನ ವರ್ಷಗಳಲ್ಲಿ ಹೆಕ್ಟೇರಿಗೆ 1,28,000 ರೂಪಾಯಿ ವಿಮೆ, ರೈತರು ಕಟ್ಟುವುದು ಅದರ ಶೇ 5, ಅಂದರೆ 6,400. ಕೊಳೆರೋಗ ಬಂದು ಫಸಲು ಉದುರಿತು ಅಂತ ಯಾರೂ ತೋಟ ನೋಡಲು ಬರುವುದಿಲ್ಲ. ಪಂಚಾಯಿತಿಯ ಮಳೆಮಾಪಕದಲ್ಲಿ ದಾಖಲಾದ ಮಳೆಯ ಮೇಲೆ ಪರಿಹಾರ ನಿಂತಿದೆ. ಕಾಳುಮೆಣಸಿಗೆ ಬೇರೆಯೇ ಕಟ್ಟಬೇಕು. ಮರಕ್ಕೆ ಬಳ್ಳಿ ಹಬ್ಬಿದೆ ಅಂದಮಾತ್ರಕ್ಕೆ ಅಡಿಕೆ ವಿಮೆಯಲ್ಲಿ ಅದು ಸೇರುವುದಿಲ್ಲ.

ಇಲ್ಲಿ ಜನ ಸೋಲುವುದು ಬೆಳೆ ಕಾಲಂನಲ್ಲಿ. ಗದ್ದೆಗೆ ಅಡಿಕೆ ಹಾಕಿ ಹತ್ತು ವರ್ಷ ಆಗಿರುತ್ತದೆ, ಪಹಣಿ ಮಾತ್ರ ಇನ್ನೂ ಭತ್ತ ಅನ್ನುತ್ತಿರುತ್ತದೆ. ವಿಮೆ ಒಂದಕ್ಕೆ, ದಾಖಲೆ ಇನ್ನೊಂದಕ್ಕೆ ಆದರೆ ಪರಿಹಾರ ನಿಂತುಹೋಗುತ್ತದೆ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ತೋಟದೊಳಗೆ ನಿಂತು ನೀವೇ ಫೋಟೊ ತೆಗೆದು ಅಪ್‌ಲೋಡ್ ಮಾಡಬಹುದು. ನೆಟ್‌ವರ್ಕ್ ಇಲ್ಲದಿದ್ದರೆ ಸಮೀಕ್ಷೆಗೆ ಬರುವ ಹುಡುಗರ ಜೊತೆ ಗಡಿವರೆಗೂ ನಡೆದು ಹೋಗಿ, ಅಡಿಕೆ, ಮೆಣಸು ಎರಡನ್ನೂ ಬರೆಸಿ.

ಟಾರ್ಪಾಲಿನ್, ಸ್ಪ್ರೇಯರ್, ಅಡಿಕೆ ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ, ಇವಕ್ಕೆಲ್ಲ ಸಬ್ಸಿಡಿ ಬರುತ್ತದೆ. ಆದರೆ ಅನುದಾನ ಮುಗಿದರೆ ಆ ವರ್ಷಕ್ಕೆ ಮುಗಿಯಿತು. ಏಪ್ರಿಲ್ ಕಳೆಯುತ್ತಿದ್ದಂತೆ ವಿಚಾರಿಸಿ, ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ವಿಮೆ ಕಟ್ಟಿದ ಮೇಲೆ ಬೆಳೆ ವಿಮೆಯ ಸಂರಕ್ಷಣೆ ಪೋರ್ಟಲ್‌ನಲ್ಲಿ ಬೆಳೆ, ಸರ್ವೆ ನಂಬರ್, ಎಕರೆ ಸರಿಯಾಗಿದೆಯಾ ನೋಡಿ. ತಪ್ಪು ಕಂಡರೆ ಅಂದೇ ಹಣ ಕಟ್ಟಿದಲ್ಲಿಗೆ ಹೋಗಿ ತಿದ್ದಿಸಿ.