ಕೂದಲು ಉದುರುತ್ತಿದೆಯಾ? ಬಯೋಟಿನ್ ಡಬ್ಬಿ ಕೊಳ್ಳುವ ಮೊದಲು ಇಷ್ಟು ಮಾಡಿ

ಡೆಂಗೆ ಜ್ವರ ಬಂದು ಹೋಗಿ ಎರಡೂವರೆ ತಿಂಗಳಾಗಿತ್ತು. ಒಂದು ಭಾನುವಾರ ತಲೆಗೆ ಸ್ನಾನ ಮಾಡಿದಾಗ ಬಚ್ಚಲಿನ ಜಾಲರಿ ಮೇಲೆ ನಿಂಬೆಹಣ್ಣಿನ ಗಾತ್ರದ ಕೂದಲಿನ ಉಂಡೆ ಸಿಕ್ಕಿತು. ಮಾರನೇ ದಿನದಿಂದ ದಿಂಬಿನ ಮೇಲೆ, ಚಪಾತಿ ಹಿಟ್ಟಿನಲ್ಲಿ, ಮಗಳ ಸ್ವೆಟರಿನಲ್ಲಿ, ಎಲ್ಲಿ ನೋಡಿದರೂ ನನ್ನ ಕೂದಲೇ. ಗಾಬರಿಯಾಗಿ ಅವತ್ತೇ ರಾತ್ರಿ ಫೋನಿನಲ್ಲಿ ಬಯೋಟಿನ್ ಗಮ್ಮಿ (ಕೂದಲಿಗೆ ಅಂತ ಮಾರುವ ಒಂದು ಬಿ ವಿಟಮಿನ್, ಅಗಿಯುವ ಮಿಠಾಯಿಯ ಥರದ್ದು) ಆರ್ಡರ್ ಮಾಡಿದೆ. ನಾಲ್ಕು ತಿಂಗಳು ತಪ್ಪದೆ ತಿಂದೆ, ಏನೂ ಆಗಲಿಲ್ಲ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ನನಗೆ ಕಡಿಮೆ ಇದ್ದದ್ದು ಕಬ್ಬಿಣ. ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ 9 ಇತ್ತು.

ನಿಮ್ಮ ದುಡ್ಡು ಮತ್ತು ನಾಲ್ಕು ತಿಂಗಳು ಹಾಗೆ ಹೋಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೂರು ತಿಂಗಳು ಹಿಂದಕ್ಕೆ ಹೋಗಿ

ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಇದ್ದದ್ದೇ. ಅದಕ್ಕಿಂತ ಜಾಸ್ತಿ, ಬಾಚಣಿಗೆ ತುಂಬ ಬರುತ್ತಿದೆ ಅಂದರೆ ಕ್ಯಾಲೆಂಡರ್ ತೆಗೆದು ನೋಡಿ. ದೊಡ್ಡ ಜ್ವರ, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸಿದ್ದು, ಮನೆಯಲ್ಲಿ ಸಾವು, ಇಂಥದ್ದೇನಾದರೂ ಎರಡು ಮೂರು ತಿಂಗಳ ಹಿಂದೆ ಆಗಿತ್ತಾ? ದೇಹಕ್ಕೆ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲು ಒಟ್ಟಿಗೆ ಬೆಳವಣಿಗೆ ನಿಲ್ಲಿಸಿಬಿಡುತ್ತದೆ, ಆದರೆ ಬುಡದಿಂದ ಕಳಚಿ ಬೀಳುವುದು ಎರಡು ಮೂರು ತಿಂಗಳಾದ ಮೇಲೆ. ಅಷ್ಟರಲ್ಲಿ ಜ್ವರ ಮರೆತೇ ಹೋಗಿರುತ್ತದೆ, ನಾವು ಶಾಂಪೂನ ಬೈಯುತ್ತಿರುತ್ತೇವೆ, ನೀರು ಗಡಸು ಅನ್ನುತ್ತಿರುತ್ತೇವೆ.

ಈ ಥರ ಉದುರುವ ಕೂದಲು ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನೇ ನಿಲ್ಲುತ್ತದೆ. ನಿಲ್ಲಲಿಲ್ಲ ಅಂದರೆ ಒಳಗೆ ಏನೋ ಕೊರತೆ ಅದನ್ನು ಎಳೆಯುತ್ತಿದೆಯಾ ಅಂತ ನೋಡಬೇಕು.

ಯಾವ ಪರೀಕ್ಷೆ?

ಡಾಕ್ಟರ ಹತ್ತಿರ ಹೋಗಿ ಇವುಗಳ ಬಗ್ಗೆ ಕೇಳಿ: ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ವಿಟಮಿನ್ ಬಿ12, ವಿಟಮಿನ್ ಡಿ. ಫೆರಿಟಿನ್ ಬಿಡಬೇಡಿ. ಕಬ್ಬಿಣದ ಲೆಕ್ಕದಲ್ಲಿ ಹಿಮೋಗ್ಲೋಬಿನ್ ಅಂದರೆ ಅಡುಗೆಮನೆ ಡಬ್ಬಿಯಲ್ಲಿರುವ ಅಕ್ಕಿ, ಫೆರಿಟಿನ್ ಅಂದರೆ ಅಟ್ಟದ ಮೇಲಿನ ಮೂಟೆ. ಡಬ್ಬಿ ತುಂಬಿದ್ದರೂ ಮೂಟೆ ಖಾಲಿಯಾಗಿರಬಹುದು. ನನಗೆ ಹಿಮೋಗ್ಲೋಬಿನ್ 12.1 ಇತ್ತು, "ಎಲ್ಲಾ ಸರಿಯಾಗಿದೆ" ಅಂತ ವರ್ಷದ ಹಿಂದೆಯೇ ಹೇಳಿ ಕಳಿಸಿದ್ದರು. 15ಕ್ಕಿಂತ ಕಡಿಮೆ ಫೆರಿಟಿನ್ ಅಂದರೆ ಕಬ್ಬಿಣದ ಕೊರತೆ ಇದೆ ಅಂತಲೇ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಕೂದಲಿನ ವಿಷಯಕ್ಕೆ ಬಂದರೆ ಅದು ಇನ್ನೂ ಮೇಲಿರಬೇಕು ಅನ್ನುವ ಚರ್ಮದ ಡಾಕ್ಟರು ಬಹಳ ಜನ ಇದ್ದಾರೆ. ಇದು ಒಬ್ಬರಿಬ್ಬರ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇತ್ತು.

ಲ್ಯಾಬಿಗೆ ಹೋಗುವ ಮುಂಚೆ ಒಂದು ಮಾತು. ನನ್ನ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದ ಹುಡುಗ, ಸೂಜಿ ಕೈಯಲ್ಲೇ ಹಿಡಿದುಕೊಂಡು, "ಮೇಡಂ, ಕೂದಲಿಗೆ ಅಂತ ಬಯೋಟಿನ್ ಏನಾದ್ರೂ ತಗೋತಿದೀರಾ?" ಅಂದ. ಹೌದು ಅಂದೆ. ಪಟ್ಟಿ ಬಿಚ್ಚಿ, ಅದನ್ನು ನಿಲ್ಲಿಸಿ ಮೂರು ದಿನ ಬಿಟ್ಟು ಬನ್ನಿ ಅಂದ. ಜಾಸ್ತಿ ಬಯೋಟಿನ್ ರಕ್ತದಲ್ಲಿದ್ದರೆ ಥೈರಾಯ್ಡ್ ಪರೀಕ್ಷೆಯೇ ತಪ್ಪು ತೋರಿಸಬಹುದು, ಹೃದಯಾಘಾತ ಪತ್ತೆ ಮಾಡುವ ಟ್ರೊಪೋನಿನ್ ಪರೀಕ್ಷೆ ಕೂಡ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹಾಗಾಗಿ ಏನೇನು ತಗೊಳ್ಳುತ್ತಿದ್ದೀರಿ ಅಂತ ಲ್ಯಾಬಿಗೂ ಡಾಕ್ಟರಿಗೂ ಬಾಯಿಬಿಟ್ಟು ಹೇಳಿ.

ಅಂದಹಾಗೆ ದೊಡ್ಡವರಿಗೆ ದಿನಕ್ಕೆ ಸಾಕಾಗುವ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ಅಂಗಡಿಯ ಮಾತ್ರೆಯಲ್ಲಿ 5,000, 10,000 ಮೈಕ್ರೋಗ್ರಾಂ ಇರುತ್ತದೆ. ಮೊಟ್ಟೆ, ಶೇಂಗಾ, ಕಾಳು ತಿನ್ನುವ ಮನೆಯಲ್ಲಿ ಬಯೋಟಿನ್ ಕೊರತೆ ಬರುವುದೇ ಅಪರೂಪ.

ತಟ್ಟೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಅರ್ಧ ಕೆಲಸ ಇಲ್ಲೇ ಇದೆ.

ಕೂದಲು ಅಂದರೆ ಬಹುಪಾಲು ಪ್ರೋಟೀನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಂತೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕಿಲೋ ಇರುವವರಿಗೆ 50 ಗ್ರಾಂ. ಈಗ ನಮ್ಮ ಊಟ ನೋಡಿ. ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ತಿಳಿಸಾರು, ಸಂಜೆ ಬಿಸ್ಕತ್ತು ಕಾಫಿ, ರಾತ್ರಿ ಮತ್ತೆ ಅದೇ ಅನ್ನ ಸಾರು. ತಿಳಿಸಾರಿನಲ್ಲಿ ಬೇಳೆ ಎಷ್ಟಿರುತ್ತದೆ ಹೇಳಿ? ಮನೆಯವರಿಗೆಲ್ಲ ಗಟ್ಟಿ ಬಡಿಸಿ ಕೊನೆಗೆ ತಳದಲ್ಲಿ ಉಳಿದ ತಿಳಿ ಹಾಕಿಕೊಂಡು ಉಣ್ಣುವವರು ನಾವೇ ಅಲ್ವಾ.

ಬೇರೆ ಅಡುಗೆ ಮಾಡಬೇಕಾಗಿಲ್ಲ, ಇರುವುದಕ್ಕೇ ಸೇರಿಸಿ. ಎರಡು ಮೊಟ್ಟೆಗೆ 12 ಗ್ರಾಂ. ಒಂದು ಹಿಡಿ ಶೇಂಗಾಕ್ಕೆ 7 ಗ್ರಾಂ. 30 ಗ್ರಾಂ ಹೆಸರುಕಾಳು ಮೊಳಕೆ ಕಟ್ಟಿ ಉಸಲಿ ಮಾಡಿದರೆ ಇನ್ನೊಂದು 7. ಒಂದು ದೊಡ್ಡ ಬಟ್ಟಲು ಮೊಸರಿಗೆ 6ರ ಹತ್ತಿರ. ಮೊಟ್ಟೆ ತಿನ್ನದವರು ಸೋಯಾ ಚಂಕ್ಸ್ ಇಟ್ಟುಕೊಳ್ಳಿ, 25 ಗ್ರಾಂ ಒಣ ಚಂಕ್ಸಿನಲ್ಲಿ 13 ಗ್ರಾಂ ಸಿಗುತ್ತದೆ, ಪಲಾವಿಗೆ ಹಾಕಿದರೆ ಮಕ್ಕಳೂ ತಿನ್ನುತ್ತಾರೆ. ಹುರಳಿಕಾಳು ಬಸಿದ ಕಟ್ಟಿನ ಸಾರು ಮಾಡಿದ ದಿನ ಕಾಳನ್ನು ಪಲ್ಯ ಮಾಡುತ್ತೀರಲ್ಲ, ಆ ಪಲ್ಯ ನಿಮ್ಮ ತಟ್ಟೆಗೂ ಬೀಳಲಿ.

ಇನ್ನು ಕಬ್ಬಿಣ. ದಂಟಿನ ಸೊಪ್ಪು, ನುಗ್ಗೆ ಸೊಪ್ಪು, ಕಾಳು, ಎಳ್ಳು ಎಲ್ಲದರಲ್ಲೂ ಇದೆ, ಆದರೆ ಸಸ್ಯದ ಕಬ್ಬಿಣವನ್ನು ಹೊಟ್ಟೆ ಅಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದಕ್ಕೆ ವಿಟಮಿನ್ ಸಿ ಜೊತೆಗಿರಬೇಕು. ಸೊಪ್ಪಿನ ಪಲ್ಯ ಒಲೆಯಿಂದ ಇಳಿಸಿ, ತಟ್ಟೆಗೆ ಬಡಿಸಿಕೊಂಡ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿ. ಕುದಿಯುವಾಗ ಹಿಂಡಿದರೆ ಸಿ ಒಂದಷ್ಟು ಹಾಳಾಗುತ್ತದೆ. ನಮ್ಮ ಹೆಸರುಬೇಳೆ ಕೋಸಂಬರಿಯಲ್ಲಿ ಬೇಳೆ ಇದೆ, ಹಸಿ ಕೊತ್ತಂಬರಿ ಇದೆ, ಕೊನೆಗೆ ನಿಂಬೆರಸ ಬೀಳುತ್ತದೆ. ಅದನ್ನು ರಾಮನವಮಿಗೆ ಮಾತ್ರ ಯಾಕೆ ಇಡಬೇಕು, ವಾರಕ್ಕೆ ಮೂರು ಸಲ ಮಾಡಿ. ಸೀಬೆಹಣ್ಣು, ನೆಲ್ಲಿಕಾಯಿ ಕೂಡ ಅದೇ ಕೆಲಸ ಮಾಡುತ್ತವೆ.

ರಾಗಿ ಮುದ್ದೆ ಖಂಡಿತ ಉಣ್ಣಿ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಕಬ್ಬಿಣಕ್ಕೆ ರಾಗಿಯೊಂದನ್ನೇ ನಂಬಬೇಡಿ, ಅದರಲ್ಲಿರುವ ಬೇರೆ ಅಂಶಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊಳಕೆ ಬರಿಸಿದ ರಾಗಿಯಲ್ಲಿ ಈ ತೊಂದರೆ ಕಡಿಮೆ.

ಕಾಫಿ ಬಿಡಿ ಅಂತ ನಾನು ಹೇಳುವುದಿಲ್ಲ. ಹೊತ್ತು ಬದಲಿಸಿ ಸಾಕು. ಊಟದ ಜೊತೆ ಅಥವಾ ಊಟವಾಗಿ ಒಂದು ಗಂಟೆಯೊಳಗೆ ಕುಡಿದ ಕಾಫಿ, ಟೀ ಕಬ್ಬಿಣವನ್ನು ತಡೆಯುತ್ತದೆ. ನಮ್ಮನೆಯಲ್ಲಿ ತಿಂಡಿ ತಟ್ಟೆ ಪಕ್ಕದಲ್ಲೇ ಕಾಫಿ ಲೋಟ ಇರುತ್ತಿತ್ತು. ಈಗ ಅತ್ತೆ ಎದ್ದ ಕೂಡಲೇ ಇಬ್ಬರಿಗೂ ಬೆರೆಸುತ್ತಾರೆ, ತಿಂಡಿ ಒಂದು ಗಂಟೆ ಬಿಟ್ಟು.

ಮಾತ್ರೆ ತಗೊಳ್ಳುವುದಾದರೆ

ಫೆರಿಟಿನ್ ಅಷ್ಟು ಕೆಳಗಿದ್ದಾಗ ಸೊಪ್ಪು ಮಾತ್ರ ಸಾಲದು, ಡಾಕ್ಟರು ಮಾತ್ರೆ ಬರೆದುಕೊಡುತ್ತಾರೆ. ದುಬಾರಿಯದೇ ಬೇಕು ಅಂತಿಲ್ಲ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ, ಅದು ಉಚಿತ. ಶಾಲೆಯಲ್ಲಿ ಹುಡುಗಿಯರಿಗೆ ಕೊಡುವ ನೀಲಿ ಮಾತ್ರೆ ಕೂಡ ಅದೇ. ಮಗಳು ಅದನ್ನು ಕಿಟಕಿಯಾಚೆ ಎಸೆಯುತ್ತಿದ್ದಾಳಾ ಅಂತ ಒಮ್ಮೆ ಪ್ರೀತಿಯಿಂದ ಕೇಳಿ ನೋಡಿ.

ಮಾತ್ರೆಯನ್ನು ಹಾಲು, ಕಾಫಿ, ಕ್ಯಾಲ್ಸಿಯಂ ಮಾತ್ರೆ ಜೊತೆ ನುಂಗಬೇಡಿ, ನಿಂಬೆ ಪಾನಕದ ಜೊತೆ ನುಂಗಿ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ನಾಲ್ಕು ಗಂಟೆ ಅಂತರ ಬಿಡಿ. ಹೊಟ್ಟೆ ತೊಳಸಿದರೆ ನಿಲ್ಲಿಸಿಬಿಡಬೇಡಿ, ದಿನ ಬಿಟ್ಟು ದಿನ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ಹಾಗೆ ತಗೊಂಡರೆ ಪ್ರತಿ ಮಾತ್ರೆಯಿಂದ ದೇಹಕ್ಕೆ ಸೇರುವ ಕಬ್ಬಿಣ ಜಾಸ್ತಿಯೇ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಡಬ್ಬಿ ಮಾತ್ರ ಮಕ್ಕಳ ಕೈಗೆ ಸಿಗಬಾರದು, ಪುಟ್ಟ ಮಕ್ಕಳಿಗೆ ಕಬ್ಬಿಣದ ಮಾತ್ರೆ ವಿಷವಾಗುತ್ತದೆ. ಗಂಡಸರು ಪರೀಕ್ಷೆ ಮಾಡಿಸದೆ ಸುಮ್ನೆ ಕಬ್ಬಿಣ ನುಂಗಬೇಡಿ.

ವಿಟಮಿನ್ ಡಿ 60,000 ಯೂನಿಟ್ ವಾರಕ್ಕೊಂದು ಅಂತ ಬರೆದುಕೊಟ್ಟಿದ್ದರೆ ಹೇಳಿದಷ್ಟು ವಾರ ಮಾತ್ರ. ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ತಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದರೆ. ಬಿ12 ಕಾಳು ಸೊಪ್ಪಿನಲ್ಲಿ ಸಿಗುವುದಿಲ್ಲ. ಹಾಲು, ಮೊಸರೂ ಕಡಿಮೆ ತಿನ್ನುವ ಸಸ್ಯಾಹಾರಿಗಳು, ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುವವರು ಇದನ್ನು ನೋಡಿಸಲೇಬೇಕು.

ಒಂದೇ ಡಬ್ಬಿಯಲ್ಲಿ 25 ಪೋಷಕಾಂಶ ಇದೆ ಅಂದ ತಕ್ಷಣ ಒಳ್ಳೆಯದು ಅಂದುಕೊಳ್ಳಬೇಡಿ. ವಿಟಮಿನ್ ಎ, ಸೆಲೆನಿಯಂ ಅತಿಯಾದರೆ ಅವೇ ಕೂದಲು ಉದುರಿಸುತ್ತವೆ. 2008ರಲ್ಲಿ ಅಮೆರಿಕದಲ್ಲಿ ಕುಡಿಯುವ ಒಂದು ಸಪ್ಲಿಮೆಂಟಿನಲ್ಲಿ ಸೆಲೆನಿಯಂ ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ ಸುಮಾರು 200 ಪಟ್ಟು ಸೇರಿಹೋಗಿತ್ತು. ಅದನ್ನು ಕುಡಿದ ಸುಮಾರು 200 ಜನಕ್ಕೆ ಕಾಯಿಲೆಯಾಯಿತು, ಅವರಲ್ಲಿ ಹೆಚ್ಚಿನವರಿಗೆ ಕೂದಲೇ ಹೋಯಿತು.

ಮುಖಕ್ಕೆ ಅಂತ ಮಾರುವುದು

ಕೊಲಾಜೆನ್ (ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನು) ಪುಡಿ ಮೀನು, ದನದಂಥ ಪ್ರಾಣಿಗಳಿಂದ ಬರುತ್ತದೆ. "ಸಸ್ಯಾಹಾರಿ ಕೊಲಾಜೆನ್" ಅಂತ ಬರೆದಿರುವುದರಲ್ಲಿ ಸಾಮಾನ್ಯವಾಗಿ ಕೊಲಾಜೆನ್ನೇ ಇರುವುದಿಲ್ಲ, ಗಿಡಗಳಲ್ಲಿ ಅದು ಇಲ್ಲ. ಜಿಮ್ಮಿಗೆ ಹೋಗುವ ಮಗನಿಗೆ ಇದ್ದಕ್ಕಿದ್ದಂತೆ ಬೆನ್ನು, ಮುಖದ ತುಂಬ ಮೊಡವೆ ಬಂದಿದ್ದರೆ ಹಾಲಿನಿಂದ ತೆಗೆಯುವ ವೇ ಪ್ರೋಟೀನ್ ಪುಡಿ ಒಂದೆರಡು ತಿಂಗಳು ನಿಲ್ಲಿಸಿ ನೋಡಲಿ, ಕೆಲವರಿಗೆ ಅದರಿಂದಲೇ ಬರುತ್ತದೆ. ಬೆಳ್ಳಗಾಗಲು ಗ್ಲುಟಾಥಯೋನ್ ಮಾತ್ರೆ, ಇಂಜೆಕ್ಷನ್ ಅಂತ ಪಾರ್ಲರುಗಳಲ್ಲೂ ಮಾತಾಡುತ್ತಾರೆ. ದಯವಿಟ್ಟು ರಕ್ತನಾಳಕ್ಕೆ ಚುಚ್ಚಿಸಿಕೊಳ್ಳಬೇಡಿ. ಮದುವೆ ಗೊತ್ತಾದ ಹುಡುಗಿಯರಿಗೆ ಮನೆಯವರೇ ಇದನ್ನು ಹೇಳುವುದು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆ ಹುಡುಗಿಗೆ ದಿನಾ ಎರಡು ಮೊಟ್ಟೆ, ಒಂದು ಸೀಬೆಹಣ್ಣು ಕೊಡಿ.

ನೆತ್ತಿ ಮಧ್ಯೆ ಬೈತಲೆ ಅಗಲವಾಗುತ್ತಾ ಹೋಗುತ್ತಿದ್ದರೆ, ನಾಣ್ಯದ ಹಾಗೆ ಒಂದೇ ಕಡೆ ಬೋಳಾಗಿದ್ದರೆ, ಮುಟ್ಟು ತಪ್ಪಿ ಗಲ್ಲದ ಮೇಲೆ ಕೂದಲು ಬರುತ್ತಿದ್ದರೆ ಊಟದಿಂದ ಸರಿಯಾಗಲಿ ಅಂತ ಕಾಯಬೇಡಿ, ನೇರ ಚರ್ಮದ ಡಾಕ್ಟರ ಹತ್ತಿರ ಹೋಗಿ.

ಕೂದಲು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರ್ ಅಷ್ಟೇ. ಪ್ರತಿ ತಿಂಗಳ ಒಂದನೇ ತಾರೀಕು ಅದೇ ಕಿಟಕಿ ಬೆಳಕಿನಲ್ಲಿ ಬೈತಲೆಯ ಫೋಟೋ ತೆಗೆದಿಡಿ. ನನಗೆ ನಾಲ್ಕನೇ ಫೋಟೋದಲ್ಲಿ ಹಣೆಯ ಅಂಚಿನುದ್ದಕ್ಕೂ ಎಣ್ಣೆ ಹಚ್ಚಿದರೂ ಕೂರದ ಪುಟ್ಟ ಪುಟ್ಟ ಕೂದಲು ಕಾಣಿಸಿತು.