ಹಿತ್ತಲ ಧರೆಗೆ ಹಳೆ ಜಾಲರಿಯ ಗೇಬಿಯನ್ ಗೋಡೆ

ಮಲೆನಾಡಿನ ಮಳೆಗೆ ಮನೆ ಹಿಂದಿನ ಧರೆ ಪ್ರತಿ ವರ್ಷ ಜರಿಯುತ್ತಿತ್ತು. ಮೊದಲಿದ್ದ ಸಿಮೆಂಟ್ ಗೋಡೆಯಲ್ಲಿ ನೀರು ಹೋಗಲು ತೂತೇ ಇರಲಿಲ್ಲ, ಹಿಂದೆ ನಿಂತ ನೀರಿನ ಒತ್ತಡಕ್ಕೆ ಉಬ್ಬಿ ಬಿದ್ದೇ ಹೋಯಿತು. ಅದಕ್ಕೇ ಈ ಸಲ ಗೇಬಿಯನ್, ಅಂದರೆ ತಂತಿ ಜಾಲರಿಯ ಪೆಟ್ಟಿಗೆಗೆ ಕಲ್ಲು ತುಂಬಿದ ಗೋಡೆ, ಕಟ್ಟಿದೆ; ಬಿದ್ದ ಗೋಡೆಯ ಚೂರುಗಳನ್ನೇ ಕಲ್ಲಾಗಿ ಬಳಸಿದೆ. ಗುಜರಿಯಲ್ಲಿ ಸಿಕ್ಕ ಬೇಲಿ ಜಾಲರಿಯಲ್ಲಿ ತುಕ್ಕು ಹಿಡಿಯದ ಭಾಗ ಆರಿಸಿ, ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಯಲ್ಲಿ ಹೊಲಿದು 3 ಅಡಿ ಎತ್ತರದ ಪೆಟ್ಟಿಗೆ ಮಾಡಿದೆ. ತಳಕ್ಕೆ ಜಲ್ಲಿ ಹಾಕಿ ಗುದ್ದಿ, ಧರೆಯ ಕಡೆ ಸ್ವಲ್ಪ ವಾಲುವಂತೆ ಕೂರಿಸಿದೆ. ಮುಂಭಾಗದ ದೊಡ್ಡ ತುಂಡುಗಳನ್ನು ಕೈಯಲ್ಲೇ ಜೋಡಿಸಬೇಕು, ಸುಮ್ನೆ ಬುಟ್ಟಿಯಿಂದ ಸುರಿದರೆ ಜಾಲರಿ ಹೊಟ್ಟೆ ಬಿಡುತ್ತದೆ. ಅಡಿಗೊಂದು ಸಾಲು ಅಡ್ಡ ತಂತಿ ಎಳೆದು ಹಿಂದುಮುಂದಿನ ಜಾಲರಿ ಬಿಗಿಯಿರಿ, ಇದನ್ನು ಮಾತ್ರ ಬಿಡಬೇಡಿ. ಹಿಂಬದಿಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹೊಸದೇ ತಂದೆ, ಖರ್ಚು ಜಾಸ್ತಿ ಆಗಿದ್ದು ಅದಕ್ಕೇ. ಈಗ ನೀರು ಸಂದಿಯಿಂದ ಇಳಿಯುತ್ತದೆ, ಮಣ್ಣು ನಿಲ್ಲುತ್ತದೆ. ಇನ್ನೂ ಎತ್ತರ ಬೇಕಾದರೆ ಇಂಜಿನಿಯರ್ ಕೇಳಿಯೇ ಕಟ್ಟಿ.